ಆಂಟೆನಾ ಹಿಡಿದ ಕೈಗಳು

ನಿನ್ನೆ ದಾಂಡೇಲಿಯ ಮೈದಾನದಲ್ಲಿ ದೊಡ್ಡ ಪರದೆ ಕಟ್ಟಿ ಕ್ರಿಕೆಟ್ ತೋರಿಸಿದರು. ಅದರೆದುರು ನಿಂತಾಗ ದಸ್ತಗೀರ ಚಾಚಾ ನೆನಪಾದರು.

ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಚಾಚಾ, ಮ್ಯಾಚ್ ಇದ್ದಾಗಲೆಲ್ಲ ತಮ್ಮ ಟಿವಿಯನ್ನು ಗ್ಯಾರೇಜಿನ ಮುಂದೆ ಮೇಜಿನ ಮೇಲಿಡುತ್ತಿದ್ದರು. ಮಿಲ್ಲಿನ ಪಾಳಿ ಮುಗಿಸಿದವರೂ ಸೇರಿ ಓಣಿಗೆ ಓಣಿಯೇ ರಸ್ತೆಯಲ್ಲಿ ಕೂರುತ್ತಿತ್ತು. "ಹೊಡತ ಚಲೋ ಇದ್ರ ಚಪ್ಪಾಳಿ ಹೊಡೀಬೇಕವಾ, ಯಾರ ಹೊಡೀಲಿ" ಎಂದು ನನಗೆ ಹೇಳುತ್ತಿದ್ದರು.

ಪಾಕಿಸ್ತಾನದೊಡನೆ ಆಟವಿದ್ದ ಒಂದು ಮಧ್ಯಾಹ್ನ ಆ ಕಡೆಯ ಬ್ಯಾಟ್ಸ್‌ಮನ್ ಸಿಕ್ಸರ್ ಎತ್ತಿದ. ಚಾಚಾ ಗ್ರೀಸ್ ಹತ್ತಿದ ಕೈಗಳಿಂದ ಎಂದಿನಂತೆ ಚಪ್ಪಾಳೆ ತಟ್ಟಿದರು.

"ಯಾಕೋ ದಸ್ತಗೀರ, ನೀ ಯಾರ ಕಡೆಯಾಂವ?" ಹಿಂದಿನಿಂದ ಯಾರೋ ಕೇಳಿದರು. ಕೆಲವರು ನಕ್ಕರು. ದಿನಾ ಚಾಚಾರೊಡನೆ ಚಹಾ ಕುಡಿಯುತ್ತಿದ್ದ ನನ್ನ ಅಪ್ಪ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

ಮುಂದಿನ ಮ್ಯಾಚಿಗೂ ಟಿವಿ ಹೊರಬಂತು. ಆದರೆ ಚಾಚಾ ಅದರ ಹಿಂದೆ ನಿಂತು, ಆಟ ಮುಗಿಯುವ ತನಕ ಎರಡೂ ಕೈಗಳಿಂದ ಅಲ್ಲಿ ನೆಟ್ಟಿದ್ದ ಆಂಟೆನಾದ ಕಂಬ ಹಿಡಿದಿದ್ದರು.

"ಚಿತ್ರ ಚಲೋ ಬರಾಕತ್ತೈತಿ, ಬಿಟ್ಟು ಬರ್ರಿ ಚಾಚಾ" ಎಂದೆ.

"ಕೈ ಖಾಲಿ ಇರೂದ ಬ್ಯಾಡವಾ" ಎಂದರು.

ನಿನ್ನೆ ಎದುರಾಳಿ ತಂಡದವನೊಬ್ಬ ಸೊಗಸಾದ ಸಿಕ್ಸರ್ ಹೊಡೆದ. ಮೈದಾನ ಸುಮ್ಮನಿತ್ತು. ಚಪ್ಪಾಳೆಗೆಂದು ಕೈ ಎತ್ತಿದ ನಾನು, ತಟ್ಟುವ ಮುನ್ನ ಸುತ್ತ ನೋಡಿದೆ.