ಸಿಗಾರಿಗೆ ಬೇಕಾದ ತಂಪು

ಸೊಂಟ ಹಿಡಿದುಕೊಂಡು ಮಲಗಿದ್ದ ಸ್ನೇಹಲತಾಗೆ ಬಕೆಟ್ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ನೀರು ತುಂಬುವವರಿಲ್ಲದೆ ಕುಷಾಯಿಗೂಡದ ಆ ಮನೆಯ ಕೂಲರ್ ಮೇ ತಿಂಗಳಲ್ಲಿ ಬರೀ ಬಿಸಿಗಾಳಿ ಉಗುಳುತ್ತಿತ್ತು. ಕೇಳಿದಾಗಲೆಲ್ಲ ಗಂಡ ವಿಜಯಕುಮಾರನದು ಒಂದೇ ಮಾತು: "ಮರ್ತ ಹೋಗತೈತಿ ನೋಡು."

ಮಧ್ಯಾಹ್ನ ಸೆಖೆ ತಾಳಲಾರದೆ ಗೋಡೆ ಹಿಡಿದು ಹಾಲಿಗೆ ಬಂದವಳು ಅಲ್ಲೇ ನಿಂತಳು. ದುಬೈಯಿಂದ ಬೀಗರು ತಂದುಕೊಟ್ಟ ಸಿಗಾರ್ ಪೆಟ್ಟಿಗೆ ತೆರೆದು, ಗಂಡ ಅದರೊಳಗಿನ ಸ್ಪಂಜಿಗೆ ಡಿಸ್ಟಿಲ್ಡ್ ವಾಟರ್ ಹನಿಹನಿಯಾಗಿ ಉಣಿಸುತ್ತಿದ್ದ. ಕನ್ನಡಕ ಏರಿಸಿ, ತೇವ ತೋರಿಸುವ ಪುಟ್ಟ ಮೀಟರನ್ನೂ ನೋಡಿದ.

"ಇದನ್ನ ದಿನಾ ಮಾಡ್ತೀರೇನ್ರಿ?"

"ಮತ್ತ? ಭಾಳ ನಾಜೂಕು ಇವು. ತಂಪು ಕಡಿಮಿ ಆತಂದ್ರ ಎಲಿ ಒಣಗಿ ಸೀಳತಾವ, ಹೆಚ್ಚಾದ್ರ ಬೂಷ್ಟು ಹಿಡಿತಾವ. ನಳದ ನೀರೂ ನಡೆಯಂಗಿಲ್ಲ."

ಅವಳು ಆ ಮೀಟರನ್ನೇ ನೋಡಿದಳು. ಹಾಲು ಉಕ್ಕಿದಾಗ, ಮಗುವಿನ ಔಷಧ ತಪ್ಪಿದಾಗ, ಅವನ ಮರೆವು ಹುಟ್ಟುಗುಣವೆಂದೇ ನಂಬಿ, ಮೂವತ್ತು ವರ್ಷ ಅವನ ಪಾಲಿನದನ್ನೂ ತಾನೇ ನೆನಪಿಟ್ಟುಕೊಂಡಿದ್ದಳು.

"ಕೂಲರ್‌ಗೂ ಎರಡು ಬಕೆಟ್ ಹಾಕ್ರಿ," ಎಂದಳು.

ಅವನು ಪೆಟ್ಟಿಗೆಯನ್ನು ಮೆಲ್ಲಗೆ ಮುಚ್ಚಿ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ: "ಅದಕ್ಕ ನೀರು ಎಲ್ಲಿ ಹಾಕ್ತಾರ?"