ಮಾಲತಿಯ ಹೊಸಿಲ ಮೇಲಿನ ಬಿಳಿ ಸೀರೆ

ಇವತ್ತು ಸಂಕಷ್ಟಿ, ಉಪವಾಸ ಕಣ್ರೇ. ಬೆಳಗ್ಗೆ ಬಟ್ಟೆ ಒಗೆದು, ದೇವರಿಗೆ ದೀಪ ಹಚ್ಚಿ, ಬಂಗಾಳದಲ್ಲಿ ನಾವಿರೋ ಬೆಹಾಲಾದಿಂದ ಬಸ್ಸು ಹತ್ತಿ ಮಾಲತಿಯ ಹಳ್ಳಿಗೆ ಹೋದೆ. ನನಗೆ ದಿನಾ ಪೂಜೆಗೆ ಹೂ ತಂದುಕೊಡುವವಳು, ಈ ಸಲ ಪಂಚಾಯಿತಿ ಚುನಾವಣೆಗೆ ನಿಂತಿದ್ದಾಳೆ. ಇಬ್ಬರೂ ಮನೆಮನೆಗೆ ಹೋಗಿ ವೋಟು ಕೇಳೋಣ ಅಂತ ಮಾತಾಗಿತ್ತು.

ಹೊತ್ತು ನೆತ್ತಿಗೆ ಬಂದರೂ ಓಣಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಒಳಗೆ ಒಗ್ಗರಣೆ ಸಿಡಿಯೋ ಸದ್ದು ಮಾತ್ರ ಕೇಳ್ತಿತ್ತು. ಮಾಲತಿಯ ಹೊಸಿಲ ಮೇಲೆ ಮಡಿಸಿಟ್ಟ ಹೊಸ ಬಿಳಿ ಸೀರೆ, ಹೂವಿನ ಹಾರ, ಮಿಠಾಯಿ ಡಬ್ಬಿ. ನಮ್ಮೂರ ಗುಡಿಯಲ್ಲಿ ದೇವಿ ಶಾರದಮ್ಮನಿಗೆ ಇಂಥದ್ದೇ ಉಡಿಸೋದು. ಎತ್ತಿ ಕಣ್ಣಿಗೊತ್ತಿಕೊಂಡು, "ನೋಡೇ, ಯಾರೋ ಮರ್ಯಾದೆ ಮಾಡಿದ್ದಾರೆ" ಅಂತ ಕೂಗಿದೆ.

ಹೊರಗೆ ಬಂದ ಮಾಲತಿ ನಿಂತಲ್ಲೇ ನಿಂತಳು. "ಕೆಳಗಿಡಿ ದೀದಿ. ನಮ್ಮ ಕಡೆ ಅದು ವಿಧವೆ ಉಡೋ ಸೀರೆ."

"ನಿನ್ನ ಗಂಡ ಇದ್ದಾನಲ್ಲೇ!"

"ಇದ್ದಾನೆ. ನಾಮಪತ್ರ ವಾಪಸ್ ತಗೊಳ್ಳದಿದ್ದರೆ ಇರಲ್ಲ ಅಂತ ಅದರರ್ಥ."

ಅವಳ ಗಂಡ ಒಳಗೆ ಕೂತು ಮಂಡಕ್ಕಿ ತಿಂತಿದ್ದ. "ಬಟ್ಟೆ ಗಟ್ಟಿ ಇದೆಯಾ?" ಅಂತ ನಕ್ಕ. ನಮ್ಮಿಬ್ಬರಿಗೂ ನಗು ಬರಲಿಲ್ಲ. ಎದುರುಮನೆಯ ಕಿಟಕಿ ಬೆರಳಷ್ಟು ತೆರೆದು ಮತ್ತೆ ಮುಚ್ಚಿಕೊಂಡಿತು.

"ವಾಪಸ್ ತಗೊಂಡುಬಿಡು ಮಾರಾಯ್ತಿ" ಅಂದೆ. ಅದಕ್ಕೆ ನಾಳೆಯೇ ಕೊನೆ ದಿನ. "ಯೋಚಿಸಿ ಸಂಜೆ ಫೋನ್ ಮಾಡ್ತೀನಿ" ಅಂದಳು.

ಕತ್ತಲಾಯ್ತು. ಗಂಡ ಹೆಂಡತಿ ಇಬ್ಬರ ಫೋನೂ ಸ್ವಿಚ್ ಆಫ್. ಹೆದರಿಸೋಕೆ ಬಂದವರು ಮಿಠಾಯಿ ಇಡೋದನ್ನ ಮರೆತಿಲ್ಲ ನೋಡಿ, ಅಷ್ಟು ಸಂಸ್ಕಾರವಂತರು. ನಾಳೆ ಬೆಳಗ್ಗೆ ಆ ಕಡೆ ಹೋಗುವವರಿದ್ದರೆ, ದಯವಿಟ್ಟು ಅವಳ ಉತ್ತರ ಕೇಳಿಕೊಂಡು ಬಂದು ನನಗೆ ಮುಟ್ಟಿಸಿ. ಒಬ್ಬರೇ ಹೋಗಬೇಡಿ.