ಗುಡ್ಡ ತಿರುಗಿಸುವ ಗಿರಗಿಟ್ಲೆ ಅಕ್ಕ

ಬೆಳಗಿನ ಐದೂವರೆ. ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿಲ್ಲ. ಬೇರೆ ಬೇರೆ ಕಾಲದ ಮೂರು ಕಂಪ್ಯೂಟರ್‌ಗಳು ಕುಳಿತಿವೆ. ಮೂರರಲ್ಲೂ ಅಂಕಿಗಳಿಂದ ಬಿಡಿಸಿದ ಒಂದೇ ಗುಡ್ಡದ ಚಿತ್ರ. ಮೌಸ್ ಒತ್ತಿ ಎಳೆದರೆ ಗುಡ್ಡ ತಿರುಗಿ ಬೆನ್ನು ತೋರಿಸಬೇಕು. ಹೊಸ ಎರಡರಲ್ಲಿ ತೋರಿಸುತ್ತದೆ. ಹಳೆಯದರಲ್ಲಿ ಅರ್ಧ ತಿರುಗಿ ಮೊಂಡು ಹಿಡಿಯುತ್ತದೆ.

"ಇದು ನನ್ ಮಾತು ಕೇಳ್ತಿಲ್ಲ ಕಣೆ," ಎನ್ನುತ್ತಾರೆ ಮೌಸ್ ಹಿಡಿದ ಎಪ್ಪತ್ತೆಂಟರ ಅತ್ತೆ.

"ಹಾಗಾದ್ರೆ ಇನ್ನೂ ಆಗಿಲ್ಲ ಬಿಡಿ ಅತ್ತೆ," ಎಂದು ಸೊಸೆ ಕೀಲಿಮಣೆ ಎಳೆದುಕೊಳ್ಳುತ್ತಾರೆ.

ಈ ಸೊಸೆ ಕಾಲೇಜೊಂದರ ಲ್ಯಾಬ್ ಸಹಾಯಕಿ, ವಿದ್ಯಾರ್ಥಿಗಳ ಬಾಯಲ್ಲಿ ಗಿರಗಿಟ್ಲೆ ಅಕ್ಕ. ಲೆಕ್ಕಾಚಾರಕ್ಕೆಂದು ಎಷ್ಟೋ ದೇಶಗಳ ಜನ ಉಚಿತವಾಗಿ ಬಳಸುವ ತಂತ್ರಾಂಶವೊಂದರಲ್ಲಿ ಚಿತ್ರ ತಿರುಗಿಸುವ ಭಾಗವನ್ನು ಹನ್ನೊಂದು ವರ್ಷಗಳಿಂದ ನೋಡಿಕೊಳ್ಳುತ್ತಿರುವವರು ಇವರೇ. ಸಂಬಳವಿಲ್ಲ. ದಿನಕ್ಕೆ ಎರಡು ಗಂಟೆ, ಕಡಿಮೆಯೆಂದರೂ ನಲವತ್ತು ಸಲ ತಿರುಗಿಸುವುದು. ಕಾಲೇಜಿನ ಪ್ರಾಧ್ಯಾಪಕರು ಬಳಸುವುದೂ ಅದನ್ನೇ. ಆದರೆ ಹಿತ್ತಲ ಗಿಡ ಮದ್ದಲ್ಲ ನೋಡಿ, ಅವರ ಪಾಲಿಗೆ ಇವರು ಪ್ರಿಂಟರ್‌ಗೆ ಕಾಗದ ತುಂಬುವವರು.

ಅತ್ತೆಯನ್ನು ಕೂರಿಸಿಕೊಳ್ಳುವುದಕ್ಕೂ ಕಾರಣವಿದೆ. ಒಮ್ಮೆ ಅಕ್ಕ ಏನೋ ಸರಿಪಡಿಸಲು ಹೋಗಿ ತಿರುಗುವ ದಿಕ್ಕನ್ನೇ ಅದಲುಬದಲು ಮಾಡಿಬಿಟ್ಟರು. ಇಪ್ಪತ್ತು ದಿನ ತಾವೇ ಪರೀಕ್ಷಿಸಿದರೂ ಗೊತ್ತಾಗಲಿಲ್ಲ. ಊರೂರಿನಿಂದ ಬೈಗುಳ ಬಂದವು.

"ನನ್ ಕೈ ತಪ್ಪಿಗೂ ಒಗ್ಗಿಹೋಗುತ್ತೆ. ಅತ್ತೆ ಕೈ ಹಾಗಲ್ಲ, ಅದೂ ಅತ್ತೆ ಥರಾನೇ. ಯಾವುದಕ್ಕೂ ಒಗ್ಗಲ್ಲ," ಎಂದು ನಗುತ್ತಾರೆ.

"ಕೇಳಿಸ್ತು," ಎನ್ನುತ್ತಾರೆ ಅತ್ತೆ.

ಇಂದಿನ ಕಷ್ಟ ಬೇರೆ. ಮಧ್ಯಾಹ್ನದೊಳಗೆ ಸರಿಹೋಗದಿದ್ದರೆ ಹೊಸ ಆವೃತ್ತಿಯಲ್ಲಿ ಹಳೆಯ ಕಂಪ್ಯೂಟರ್‌ಗಳನ್ನು ಕೈಬಿಡುವುದೆಂದು ತಂತ್ರಾಂಶ ನೋಡಿಕೊಳ್ಳುವ ಜೊತೆಗಾರರು ತೀರ್ಮಾನಿಸಿದ್ದಾರೆ. ಅವರಿಗೂ ಸಾಕಾಗಿದೆ, ತಪ್ಪೇನಿಲ್ಲ. ಆದರೆ ದೂರದ ಶಾಲೆಯ ಶಿಕ್ಷಕಿಯೊಬ್ಬರು ತಮ್ಮಲ್ಲಿರುವ ಒಂಬತ್ತು ಕಂಪ್ಯೂಟರ್‌ಗಳೂ ಹಳೆಯವೇ ಎಂದು ಬರೆದಿದ್ದಾರೆ. ಅದನ್ನೋದಿದ ಮೇಲೆ ಅಕ್ಕ ಹಟ ಬಿಡುತ್ತಿಲ್ಲ.

"ಹೊಸದು ತಗೊಳ್ಳಿ ಅನ್ನೋದು ಸುಲಭ. ಹೇಳೋ ಬಾಯಿಗೇನು ಖರ್ಚು?"

ಏಳಕ್ಕೆ ಹತ್ತು ನಿಮಿಷವಿರುವಾಗ ಕಳ್ಳ ಸಿಕ್ಕಿಬೀಳುತ್ತಾನೆ. ಹಳೆಯ ಯಂತ್ರ ಚಿತ್ರವನ್ನೊಮ್ಮೆ ಬಿಡಿಸುವಷ್ಟರಲ್ಲಿ ಮೌಸ್ ಹತ್ತು ಅಪ್ಪಣೆ ಕೊಡುತ್ತಿತ್ತು, ಪಾಪ ಅದು ಕಂಗಾಲಾಗುತ್ತಿತ್ತು. ಅಕ್ಕ ಮೊದಲ ಒಂಬತ್ತು ಅಪ್ಪಣೆಗಳನ್ನು ತೆಗೆದುಹಾಕಿ ಕೊನೆಯದನ್ನಷ್ಟೇ ಕೇಳುವಂತೆ ಮಾಡುತ್ತಾರೆ. ಮೌಸ್ ಮತ್ತೆ ಅತ್ತೆಯ ಕೈಗೆ.

ಅತ್ತೆ ತಿರುಗಿಸುತ್ತಾರೆ. ಗುಡ್ಡ ಪೂರ್ತಿ ತಿರುಗಿ ಬೆನ್ನು ತೋರಿಸುತ್ತದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗುತ್ತಾರೆ.

"ಅಲ್ವೇ, ಈ ಗುಡ್ಡ ಆ ಕಡೆ ಇಷ್ಟು ಕಡಿದಾಗಿದ್ಯಾ? ಜನ ಹೇಗೆ ಹತ್ತುತ್ತಾರೆ?"

ಸೊಸೆಯ ಕಣ್ಣು ತುಂಬುತ್ತದೆ. ತಿದ್ದಿದ್ದನ್ನು ಆಗಲೇ ಜೊತೆಗಾರರಿಗೆ ಕಳಿಸಿಬಿಡುತ್ತಾರೆ.

"ಮೌಸ್ ಮರೆತು ಗುಡ್ಡ ನೋಡಿದ್ರಲ್ಲ, ಅಷ್ಟೇ ಬೇಕಾಗಿದ್ದು. ಆ ಶಾಲೆ ಮಕ್ಕಳೂ ಹೀಗೇ ಗುಡ್ಡದ ಬಗ್ಗೆನೇ ಕೇಳ್ಲಿ."